ತಲೆಕೆಳಗಾದ ಎಂಜಿನ್ನಿನ ಎಚ್‌ಟಿ-2

ಪ್ರಶ್ನೆ: ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-2 ತರಬೇತಿ ವಿಮಾನ ನೋಡಿದೆವು. ಅದರ ಎಂಜಿನ್ ತಲೆಕೆಳಗಾಗಿದೆ ಎಂದರು ಒಬ್ಬರು. ನಿಜವೇ? ಈ ವಿಮಾನದ ಹಿನ್ನೆಲೆಯನ್ನೂ ತಿಳಿಸಿ. – ಓದುಗರು, ದಾವಣಗೆರೆ

ಉತ್ತರ: ನಿಜ. ಜೋಡಿಸುವಾಗ ಆದ ಎಡವಟ್ಟಲ್ಲ, ಆ ಎಂಜಿನ್ ಇರುವುದೇ ಹಾಗೆ. ಬ್ರಿಟನ್ನಿನ ಸಿರಸ್ ಮೇಜರ್-3, 155 ಅಶ್ವಶಕ್ತಿ. ನಾಲ್ಕು ಸಿಲಿಂಡರ್ ಒಂದರ ಹಿಂದೊಂದು. ಪ್ರೊಪೆಲ್ಲರ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್ ಮೇಲೆ, ಸಿಲಿಂಡರ್‌ಗಳು ಅದರಡಿ ಜೋತುಬಿದ್ದಿರುತ್ತವೆ. ಹೀಗಾಗಿ ಪ್ರೊಪೆಲ್ಲರ್ ನೆಲದಿಂದ ಎತ್ತರದಲ್ಲಿ ತಿರುಗುತ್ತದೆ. ಮೂಗಿನ ಮೇಲ್ಭಾಗ ತಗ್ಗಿರುವುದರಿಂದ ಪೈಲಟ್‌ಗೆ ಮುಂದಿನದು ಹೆಚ್ಚು ಕಾಣುತ್ತದೆ.

ತಾಪತ್ರಯ ಇರುವುದು ಎಣ್ಣೆಯಲ್ಲಿ. ವಿಮಾನ ಕೆಲದಿನ ಸುಮ್ಮನೆ ನಿಂತರೆ ಎಂಜಿನ್ ಆಯಿಲ್ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಜಾರಿ ಸಿಲಿಂಡರಿನ ತಲೆಯಲ್ಲಿ ನಿಲ್ಲುತ್ತದೆ. ಗಾಳಿ ಅದುಮಿದರೆ ಕುಗ್ಗೀತು, ಎಣ್ಣೆ ಕುಗ್ಗದು. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಎಣ್ಣೆಗೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಮೊದಲು ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಕಿಡಿಗೆ ವಿದ್ಯುತ್ ಕೊಡುವ ಎರಡೂ ಮ್ಯಾಗ್ನೆಟೊ ಆಫ್ ಮಾಡಿ, ಥ್ರಾಟಲ್ ಮುಚ್ಚಿ, ಪ್ರೊಪೆಲ್ಲರನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಪೂರ್ತಿ ಎರಡು ಸುತ್ತಾದರೆ ನಾಲ್ಕೂ ಸಿಲಿಂಡರ್ ಒಮ್ಮೆ ಕಂಪ್ರೆಷನ್ (ಪಿಸ್ಟನ್ ಗಾಳಿ ಅದುಮುವ ಹಂತ) ದಾಟಿದಂತೆ. ಸ್ವಿಚ್ ಆಫ್ ಇದೆಯೆಂದು ಪ್ರೊಪೆಲ್ಲರ್ ಅಲಗಿನ ದಾರಿಯಲ್ಲಿ ತಲೆ ಇಡಬೇಡಿ: ಆಫ್ ಮಾಡಿದಾಗ ಕಿಡಿ ತಡೆಯುವ ಮ್ಯಾಗ್ನೆಟೊ ಅರ್ಥಿಂಗ್ ವೈರ್ ಕಡಿದಿದ್ದರೆ ಕಿಡಿ ಹಾರಿಯೇ ಹಾರುತ್ತದೆ. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ಹಿಂದಕ್ಕೆ ತಿರುಗಿಸುವುದು ಇನ್ನೂ ಕೆಟ್ಟದ್ದು. ಎಣ್ಣೆ ಇನ್‌ಟೇಕ್ ಪೈಪಿಗೆ ಹೋಗಿ ಕೂತು, ಎಂಜಿನ್ ಶುರುವಾದಾಗ ಮತ್ತೆ ಒಳಗೆ ಸೇರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಬಸಿಯುವುದೇ ಸರಿ.

ಇನ್ನು ಹಿನ್ನೆಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದ್ದ ಡಾ. ವಿ.ಎಂ. ಘಾಟಗೆ ಇದರ ವಿನ್ಯಾಸಕರು. ಮೊದಲ ಮಾದರಿ 1951ರ ಆಗಸ್ಟ್‌ನಲ್ಲಿ ಹಾರಿತು. ಅದರಲ್ಲಿದ್ದದ್ದು 145 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್, ಅದೂ ತಲೆಕೆಳಗಿನದೇ. ಸಿರಸ್ ಬಂದದ್ದು 1952ರಲ್ಲಿ ಹಾರಿದ ಎರಡನೇ ಮಾದರಿಗೆ. ವಾಯುಪಡೆಯಲ್ಲಿ ಇದು ಬಟ್ಟೆ ಹೊದಿಸಿದ, ಜೋಡಿ ರೆಕ್ಕೆಯ ಟೈಗರ್ ಮಾತ್ ಎಂಬ ಬ್ರಿಟಿಷ್ ತರಬೇತಿ ವಿಮಾನದ ಜಾಗಕ್ಕೆ ಬಂತು. ಘಾನಾ ದೇಶವೂ 12 ವಿಮಾನ ಕೊಂಡಿತು. ವಿನ್ಯಾಸ ನಮ್ಮದಾದರೂ ಎಂಜಿನ್ ಹೊರಗಿನದೇ ಆಗಿತ್ತೆಂಬುದನ್ನು ಮುಚ್ಚಿಡಬೇಕಿಲ್ಲ. ಮುಂದೆ ಆಯುಷ್ಯ ಹೆಚ್ಚಿಸಲೆಂದು 160 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಕೂರಿಸಿದರು. ಅದರ ಸಿಲಿಂಡರ್‌ಗಳು ಎಡಬಲಕ್ಕೆ ಮಲಗಿರುತ್ತವೆ, ತಲೆಕೆಳಗಲ್ಲ. ಹಳೆಯ ಫೋಟೊ ನೋಡುವಾಗ ಮೊದಲು ಮೂಗು ನೋಡಿ.

ಪ್ರಶ್ನೆ: ನಿಲ್ಲಿಸಿಟ್ಟ ಇಂಥ ವಿಮಾನಕ್ಕೆ ಗೆದ್ದಲಿನ ಭಯ ಇಲ್ಲವಲ್ಲ, ಕೆಡುವುದು ಹೇಗೆ? – ಓದುಗರು, ಶಿರಸಿ

ಉತ್ತರ: ಒಡಲು, ರೆಕ್ಕೆ ಲೋಹದ್ದಾದ್ದರಿಂದ ಗೆದ್ದಲು ಹತ್ತದು, ಆದರೆ ನೀರು ಬಿಡದು. ಹೊಟ್ಟೆಯಡಿ ನೀರು ಬಸಿಯುವ ಸಣ್ಣ ತೂತುಗಳಿರುತ್ತವೆ. ಧೂಳು, ಕಣಜದ ಹುಳುವಿನ ಮಣ್ಣುಗೂಡು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಅಲ್ಯುಮಿನಿಯಂಗೆ ಉಕ್ಕಿನ ಬೋಲ್ಟು ತಾಗಿ ತೇವ ಸೇರಿದರೆ ಸವೆಯುವುದು ಅಲ್ಯುಮಿನಿಯಂ. ರಿವೆಟ್ ಸುತ್ತ ಸುಣ್ಣದಂಥ ಬಿಳಿ ಪುಡಿ ಕಂಡರೆ, ಪೇಂಟ್ ಉಬ್ಬಿದ್ದರೆ, ಸವೆತ ಅಡಿಯ ತಗಡನ್ನು ಅದಾಗಲೇ ತಿನ್ನುತ್ತಿದೆ. ಮೇಲಿಂದ ಮೇಲೆ ಬಣ್ಣ ಬಳಿದರೆ ಕಣ್ಣಿಗೆ ಮರೆಯಾದೀತು ಅಷ್ಟೆ; ಬಣ್ಣ ಕೆರೆದು, ಪುಡಿ ತೆಗೆದು, ಪ್ರೈಮರ್ ಹಾಕಿದ ಮೇಲೆಯೇ ಬಣ್ಣ.

ಟೈರಿನ ಮೇಲಿನ ಭಾರ ಇಳಿಸಲು ಆ್ಯಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡುತ್ತಾರೆ. ಚಕ್ರ ನೆಲದಿಂದ ಬೆರಳಷ್ಟು ಮೇಲಿದ್ದರೆ ಸಾಕು.