ಮೂರನೇ ಸಿಲಿಂಡರ್‌ಗೆ ಮಾತ್ರ ಏಕೆ ಇಷ್ಟು ಬಿಸಿ?

ಪ್ರಶ್ನೆ: ಪುಣೆಯಲ್ಲಿ ವಿಮಾನ ನಿರ್ವಹಣೆ ಓದುತ್ತಿದ್ದೇನೆ. ತರಬೇತಿಗೆ ಹೋಗುವ ಹ್ಯಾಂಗರ್‌ನಲ್ಲಿ ಲೈಕಮಿಂಗ್ ಒ-320 ಎಂಜಿನ್ನಿನ ಸೆಸ್ನಾ 172 ಎಂಬ ಪುಟ್ಟ ವಿಮಾನ ಇದೆ. ಮೇಲೇರುವಾಗ ಮೂರನೇ ಸಿಲಿಂಡರ್ ಹೆಡ್ 450 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತದೆ, ಉಳಿದ ಮೂರೂ 380ರ ಆಸುಪಾಸು. ಸಿಲಿಂಡರನ್ನೇ ಬಿಚ್ಚುವ ಮಾತು ನಡೆದಿದೆ. ಅದಕ್ಕೂ ಮೊದಲು ಏನು ನೋಡಬೇಕು?
– ವಿದ್ಯಾರ್ಥಿನಿ, ಕೋಥ್ರೂಡ್, ಪುಣೆ

ಉತ್ತರ: ಸಿಲಿಂಡರ್ ಬಿಚ್ಚುವುದು ಕಟ್ಟಕಡೆಯ ಕೆಲಸ. ನೀವು ಕೊಟ್ಟ ಅಂಕಿಗಳಲ್ಲೇ ಅರ್ಧ ಉತ್ತರವಿದೆ. ಮ್ಯಾಗ್ನೆಟೊ (ಕಿಡಿ ಹೊತ್ತಿಸುವ ಸಾಧನ) ಟೈಮಿಂಗ್ ಮುಂದೆ ಸರಿದು ಕಿಡಿ ಬೇಗ ಹಾರುತ್ತಿದ್ದರೆ ನಾಲ್ಕೂ ಹೆಡ್‌ಗಳ ಬಿಸಿ ಏರಿ, ಎಕ್ಸಾಸ್ಟ್ ತಾಪ ಇಳಿಯುತ್ತಿತ್ತು. ಕಾರ್ಬ್ಯುರೇಟರ್ ಸಾಕಷ್ಟು ಇಂಧನ ಕೊಡದಿದ್ದರೂ ಒಂದೇ ಸಿಲಿಂಡರ್ ಹೀಗೆ 70 ಡಿಗ್ರಿ ಮೇಲೆ ನಿಲ್ಲುವುದಿಲ್ಲ. ಕಾರಣ ಆ ಒಂದರ ಸುತ್ತಲೇ ಇದೆ: ಪ್ರೋಬ್ (ತಾಪ ಅಳೆಯುವ ಕಡ್ಡಿ), ಗಾಳಿಯ ದಾರಿ, ಇಲ್ಲವೇ ಇನ್‌ಟೇಕ್ (ಗಾಳಿ-ಇಂಧನ ಒಳಬರುವ ಪೈಪು) ಸೋರಿಕೆ.

ಲೈಕಮಿಂಗ್ ಹಾಕಿರುವ ಗರಿಷ್ಠ ಮಿತಿ 500 ಡಿಗ್ರಿ. ಆದರೆ ಎಂಜಿನ್ ಬಾಳಿಕೆ ಬರಬೇಕಾದರೆ 435ರೊಳಗೆ, ಸಾಧಾರಣ ಕ್ರೂಸ್‌ನಲ್ಲಿ (ಒಂದೇ ಎತ್ತರದ ಹಾರಾಟ) 400ರೊಳಗೆ ಇಡಬೇಕು. 450 ನಿಜವೇ ಆಗಿದ್ದರೆ ಎಕ್ಸಾಸ್ಟ್ ವಾಲ್ವ್ ಮತ್ತು ಅದರ ಗೈಡ್ ಬೇಗ ಸವೆಯುತ್ತವೆ.

ನಿಜವೇ ಎಂದು ತಿಳಿಯಲು ಒಂದು ಮತ್ತು ಮೂರರ ಪ್ರೋಬ್‌ಗಳನ್ನು ಅದಲು ಬದಲು ಮಾಡಿ. ಎರಡೂ ಎಂಜಿನ್ನಿನ ಬಲಗಡೆ ಇರುವುದರಿಂದ ತಂತಿ ಎಟುಕುತ್ತದೆ. ಹೆಚ್ಚಿನ ಬಿಸಿ ಪ್ರೋಬ್ ಜೊತೆಗೇ ಒಂದಕ್ಕೆ ಹೋದರೆ ತಪ್ಪು ಪ್ರೋಬಿನದು. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಮರೆಯುತ್ತಾರೆ. ಕಾರ್ಖಾನೆಯ ಮೂಲ ಗೇಜು ಒಂದು ಸಿಲಿಂಡರಿನ ಪ್ರೋಬ್ ಕುಳಿಯನ್ನು ಹಿಡಿದುಕೊಂಡಿರುತ್ತದೆ. ಆಮೇಲೆ ಎಂಜಿನ್ ಮಾನಿಟರ್ (ಪ್ರತಿ ಸಿಲಿಂಡರಿನ ತಾಪ ತೋರಿಸುವ ಸಾಧನ) ಹಾಕಿದವರು ಆ ಸಿಲಿಂಡರಿಗೆ ಸ್ಪಾರ್ಕ್ ಪ್ಲಗ್ ಕೆಳಗಿನ ಉಂಗುರದ ಪ್ರೋಬ್ ಕೊಟ್ಟಿರುತ್ತಾರೆ. ಆ ಓದು ಉಳಿದವುಗಳಿಗಿಂತ 30–40 ಡಿಗ್ರಿ ಬೇರೆ ಬಂದರೆ ಅಚ್ಚರಿಯಿಲ್ಲ. ನಿಮ್ಮ ಮೂರನೆಯದರಲ್ಲಿ ಯಾವ ಬಗೆಯದಿದೆ, ಮೊದಲು ಅದನ್ನು ನೋಡಿ.

ಪ್ರೋಬ್ ಸರಿಯಿದ್ದರೆ ಬ್ಯಾಫಲ್‌ಗಳಿಗೆ, ಅಂದರೆ ಗಾಳಿಯನ್ನು ಸಿಲಿಂಡರುಗಳತ್ತ ತಿರುಗಿಸುವ ತಗಡುಗಳಿಗೆ ಬನ್ನಿ. ಹೆಚ್ಚಿನ ಸಲ ತಪ್ಪು ಸಿಗುವುದು ಇಲ್ಲೇ. ಮುಂದಿನಿಂದ ನುಗ್ಗಿದ ಗಾಳಿ ಎಂಜಿನ್ನಿನ ಮೇಲೆ ಒತ್ತಡ ಕಟ್ಟಿಕೊಂಡು, ಸಿಲಿಂಡರಿನ ಫಿನ್‌ಗಳ (ಬಿಸಿ ಹೊರಹಾಕುವ ತೆಳು ಲೋಹದ ಏಣುಗಳು) ನಡುವೆಯೇ ಕೆಳಗಿಳಿಯಬೇಕು. ಬೇರೆ ಸಂದಿ ಸಿಕ್ಕರೆ ಅಲ್ಲಿಂದ ನುಸುಳುತ್ತದೆ, ಹಿಂದೆ ಕೂತ ಮೂರನೆಯದಕ್ಕೆ ಪಾಲು ಕಡಿಮೆಯಾಗುತ್ತದೆ. ಹ್ಯಾಂಗರ್ ಕತ್ತಲಾದ ಮೇಲೆ ಕೌಲಿಂಗ್ (ಎಂಜಿನ್ನಿನ ಹೊರಕವಚ) ಮುಚ್ಚಿ, ಕೆಳಗಿನಿಂದ ಪ್ರಖರ ದೀಪ ಹಿಡಿದು, ಮುಂದಿನ ತೂತುಗಳಿಂದ ಇಣುಕಿ. ಅಂಚಿನಲ್ಲಿ ಬೆಳಕು ಕಂಡ ಕಡೆ ಗಾಳಿ ಸೋರುತ್ತಿದೆ. ಮೇಲಿನ ಕೌಲಿಂಗಿನ ಒಳಮೈಯಲ್ಲಿ ರಬ್ಬರ್ ಸೀಲ್ ಉಜ್ಜಿದ ಗೆರೆ ಸತತವಾಗಿರಬೇಕು. ಗೆರೆ ತುಂಡಾದಲ್ಲಿ ಸೀಲ್ ತಾಗುತ್ತಿಲ್ಲ. ಸೀಲಿನ ತುದಿ ಒತ್ತಡವಿರುವ ಒಳಗಡೆಗೆ ಬಾಗಿರಬೇಕು, ಆಗ ಗಾಳಿಯೇ ಅದನ್ನು ಕೌಲಿಂಗಿಗೆ ಒತ್ತಿ ಹಿಡಿಯುತ್ತದೆ. ಕೌಲಿಂಗ್ ಮುಚ್ಚುವ ಅವಸರದಲ್ಲಿ ಅದು ಹೊರಕ್ಕೆ ಮಡಚಿಕೊಳ್ಳುವುದು ಸಾಮಾನ್ಯ.

ಒಂದು ಮತ್ತು ಮೂರರ ನಡುವಿನ ಬ್ಯಾಫಲ್ ತಗಡು ಕೆಳಗಿನಿಂದ ನೋಡಿದರೆ ಮಾತ್ರ ಕಾಣುತ್ತದೆ. ಅದು ಸಡಿಲವಾಗಿದ್ದರೂ, ಇಲ್ಲದೇ ಹೋಗಿದ್ದರೂ ಮೇಲಿನಿಂದ ಎಲ್ಲವೂ ಸರಿಯಾಗಿಯೇ ತೋರುತ್ತದೆ. ಮಳೆಗಾಲದಲ್ಲಿ ನಿಂತಿದ್ದ ವಿಮಾನವಾದರೆ ಫಿನ್‌ಗಳ ಸಂದಿಗೆ ಟಾರ್ಚ್ ಬಿಡಿ. ಕಣಜದ ಮಣ್ಣುಗೂಡು ನಾಲ್ಕಾರು ಫಿನ್ ಮುಚ್ಚಿದ್ದರೂ ಸಾಕು.

ಮೂರನೇ ಕಾರಣ ಇನ್‌ಟೇಕ್ ಸೋರಿಕೆ. ಪೈಪು ಸಿಲಿಂಡರಿಗೆ ಕೂಡುವ ಅಂಚಿನ (ಫ್ಲಾಂಜ್) ಗ್ಯಾಸ್ಕೆಟ್ ಹೋದರೆ, ಅಥವಾ ಎಣ್ಣೆ ಸಂಪ್ ಬಳಿಯ ರಬ್ಬರ್ ಹೋಸ್ ಗಡುಸಾಗಿ ಬಿರಿದರೆ, ಹೆಚ್ಚುವರಿ ಗಾಳಿ ಒಳಸೇರಿ ಆ ಸಿಲಿಂಡರಿನ ಮಿಶ್ರಣ ತೆಳುವಾಗುತ್ತದೆ. ಫುಲ್ ಥ್ರಾಟಲ್‌ನಲ್ಲಿ ಒಳಗಿನ ಒತ್ತಡ ಹೊರಗಿನದಕ್ಕೆ ಹತ್ತಿರ, ಹಾಗಾಗಿ ಸೋರಿಕೆ ಅಷ್ಟಾಗಿ ಕಾಣದು. ಥ್ರಾಟಲ್ ಇಳಿಸಿದಾಗ ಮೂರರ ಎಕ್ಸಾಸ್ಟ್ ತಾಪ ಮಾತ್ರ ಬೇರೆಯವುಗಳಿಂದ ದೂರ ಸರಿದರೆ ಅನುಮಾನ ಗಟ್ಟಿ. ಫ್ಲಾಂಜ್ ಸುತ್ತ 100ಎಲ್‌ಎಲ್ ಇಂಧನದ (ವಿಮಾನದ ಪೆಟ್ರೋಲ್) ನೀಲಿ ಕಲೆ ಹುಡುಕಿ. ಕಲೆಯಿಲ್ಲದಿದ್ದರೆ, ತಣ್ಣಗಿರುವ ಎಂಜಿನ್ನಿನ ಇನ್‌ಟೇಕಿಗೆ ವ್ಯಾಕ್ಯೂಮ್ ಕ್ಲೀನರ್‌ನ ಊದುವ ಬಾಯಿಯಿಂದ ಗಾಳಿ ಕೊಟ್ಟು, ಸಂದುಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ.

ಇವೆಲ್ಲ ಮುಗಿದ ಮೇಲೆ ಬೋರೋಸ್ಕೋಪ್ (ಸಿಲಿಂಡರಿನೊಳಗೆ ಇಳಿಬಿಟ್ಟು ನೋಡುವ ಸಾಧನ) ಮತ್ತು 80 ಪಿಎಸ್‌ಐ ಗಾಳಿಯ ಒತ್ತಡ ಕೊಟ್ಟು ಮಾಡುವ ಕಂಪ್ರೆಷನ್ ಪರೀಕ್ಷೆ. ವಾಲ್ವ್ ಮುಖದ ಬಣ್ಣ ಮಧ್ಯದಿಂದ ಸಮನಾಗಿ ಹರಡಿದ್ದರೆ ನೆಮ್ಮದಿ. ಅಂಚಿನಲ್ಲಿ ಒಂದೇ ಪಕ್ಕಕ್ಕೆ ಬಿಸಿಯ ಗುರುತು ಬಿದ್ದಿದ್ದರೆ ವಾಲ್ವ್ ಸುಡಲು ತೊಡಗಿದೆ. ಸಿಲಿಂಡರ್ ಬಿಚ್ಚುವ ಮಾತು ಆಗ ಬರಲಿ. ನೀವು ಮುಟ್ಟಿದ ಪ್ರತಿಯೊಂದೂ ಲೈಸೆನ್ಸ್ ಇರುವ ಎಂಜಿನಿಯರ್ ಕಣ್ಣೆದುರು ನಡೆದು, ಲಾಗ್‌ಬುಕ್‌ಗೆ ಅವರ ಸಹಿಯೊಂದಿಗೆ ಸೇರಬೇಕು.

ಪ್ರಶ್ನೆ: ಹಾರುತ್ತಿರುವಾಗಲೇ ಬಿಸಿ ಏರಿದರೆ ಪೈಲಟ್ ಏನು ಮಾಡಬೇಕು?
– ಓದುಗರು, ಡೊಂಬಿವಲಿ, ಠಾಣೆ ಜಿಲ್ಲೆ

ಉತ್ತರ: ಈ ಎಂಜಿನ್ನಿನ ಸೆಸ್ನಾ 172ಕ್ಕೆ ಕೌಲ್ ಫ್ಲಾಪ್ (ತಂಪುಗಾಳಿ ಹೆಚ್ಚಿಸಲು ತೆರೆಯುವ ಮುಚ್ಚಳ) ಇಲ್ಲ. ಮೇಲೇರುತ್ತಿದ್ದರೆ ಮೂತಿ ತಗ್ಗಿಸಿ ವೇಗವನ್ನು 80–85 ನಾಟ್‌ಗೆ ಏರಿಸಿ, ಮಿಕ್ಸ್ಚರ್ ರಿಚ್ ಮಾಡಿ (ಮಿಶ್ರಣದಲ್ಲಿ ಇಂಧನದ ಪಾಲು ಹೆಚ್ಚಿಸಿ). ಮೇ ತಿಂಗಳ ಬಿಸಿಲಲ್ಲಿ ಹೊರಗಾಳಿ ಒಂದು ಡಿಗ್ರಿ ಏರಿದರೆ ಹೆಡ್ ಕೂಡ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ, ಆದ್ದರಿಂದ ಏರಿಕೆ ನಿಧಾನವಾಗಿದ್ದರೆ ಗಾಬರಿ ಬೇಡ. ಆದರೆ ಹೆಡ್ ತಾಪ ಸೆಕೆಂಡಿಗೊಂದು ಡಿಗ್ರಿಯಂತೆ ಓಡುತ್ತಾ ಎಕ್ಸಾಸ್ಟ್ ತಾಪ ಇಳಿಯುತ್ತಿದ್ದರೆ ಇಂಧನ ತಪ್ಪಾದ ಹೊತ್ತಿಗೆ ಉರಿಯುತ್ತಿದೆ ಎಂದರ್ಥ. ಅದು ಪಿಸ್ಟನ್ನನ್ನು ನಿಮಿಷಗಳಲ್ಲೇ ತೂತು ಮಾಡಬಲ್ಲದು. ಥ್ರಾಟಲ್ ತಕ್ಷಣ ಇಳಿಸಿ, ಹತ್ತಿರದ ರನ್‌ವೇ ಹಿಡಿಯಿರಿ. ತಪ್ಪು ಇಂಧನದಿಂದಲೂ ಹೀಗಾಗಬಹುದು, ಆದ್ದರಿಂದ ಇಳಿದ ಮೇಲೆ ಟ್ಯಾಂಕಿನ ಇಂಧನದ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಒಣಗಿಸಿ: ಎಣ್ಣೆಯ ಕಲೆ ಉಳಿದರೆ ಜೆಟ್ ಇಂಧನ ಬೆರೆತಿದೆ.