ಅಕ್ಷರ ಬಾರದ ಮಗುವಿಗೆ ಲೈಬ್ರೆರಿಯಲ್ಲಿ ಏನು ಕೆಲಸ?

ಕಾಸರಗೋಡಿನ ನೀರ್ಚಾಲು ಕಡೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: "ಸಣ್ಣ ಮಕ್ಕಳನ್ನು ಲೈಬ್ರೆರಿಗೆ ಕರೆದುಕೊಂಡು ಹೋಗಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಮೂರು ವರ್ಷದ ಪುಳ್ಳಿಯನ್ನು (ಮೊಮ್ಮಗನನ್ನು) ಕರೆದುಕೊಂಡು ಹೋದೆ. ಅಲ್ಲಿಯವರು, ಅಕ್ಷರ ಕಲಿತ ಮೇಲೆ ಕರೆತನ್ನಿ, ಇಲ್ಲಿ ಓದುವವರಿಗೆ ತೊಂದರೆ ಆಗ್ತದೆ ಎಂದರು. ಅವರು ಹೇಳಿದ್ದು ಸರಿಯಲ್ವಾ? ಓದಲು ಬಾರದ ಮಗುವಿಗೆ ಅಲ್ಲಿ ಏನು ಕೆಲಸ? ಮನೆಯಲ್ಲಿ ಹವ್ಯಕ, ಪಕ್ಕದ ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಮಲಯಾಳ. ಪುಸ್ತಕ ಓದಿ ಹೇಳುವುದಾದರೆ ಯಾವ ಭಾಷೆಯಲ್ಲಿ? ಪುಸ್ತಕ ಹರಿದರೆ ದಂಡ ಯಾರು ಕಟ್ಟುವುದು?"

ಅಮ್ಮಾ, ನಮಸ್ಕಾರ. ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಅವರು ಹೇಳಿದ್ದು ಸರಿಯಲ್ಲ. ಅವರಿಗೆ ಕೆಟ್ಟ ಮನಸ್ಸಿತ್ತು ಅಂತಲ್ಲ, ಲೈಬ್ರೆರಿ ಅಂದರೆ ಪೇಪರ್ ಓದುವ ಹಿರಿಯರ ಜಾಗ ಎಂದೇ ನಾವೆಲ್ಲ ನೋಡಿ ಬೆಳೆದಿದ್ದೇವೆ. ಆದರೆ ಮಗುವಿನ ಓದು ಅಕ್ಷರದಿಂದ ಶುರುವಾಗುವುದಿಲ್ಲ. ಕಿವಿಯಿಂದ ಶುರುವಾಗುತ್ತದೆ. ಮಾತು ಕೇಳಿ, ಹಾಡು ಕೇಳಿ, ಚಿತ್ರ ನೋಡಿ, ಪುಟ ತಿರುಗಿಸಿದರೆ ಕತೆ ಮುಂದೆ ಹೋಗುತ್ತದೆ ಎಂದು ಗೊತ್ತಾಗಿ, ಆಮೇಲೆ ಅಕ್ಷರ. ಮಿದುಳಿನ ಬೆಳವಣಿಗೆಯ ಶೇ. 85ಕ್ಕಿಂತ ಜಾಸ್ತಿ ಭಾಗ ಆರು ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಒಂದನೇ ಕ್ಲಾಸಿಗೆ ಬಂದ ಮೇಲೆ ಬಾ ಎನ್ನುವ ಲೈಬ್ರೆರಿ ಆ ಆರು ವರ್ಷವನ್ನೂ ಕೈಬಿಟ್ಟ ಹಾಗೆ.

ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ ನೋಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1992ರಲ್ಲಿ 'ಬುಕ್‌ಸ್ಟಾರ್ಟ್' ಎಂಬ ಯೋಜನೆ 300 ಹಸುಗೂಸುಗಳಿಂದ ಶುರುವಾಯಿತು. ಮಕ್ಕಳ ಆರೋಗ್ಯ ನೋಡಲು ಬರುವವರ ಕೈಯಲ್ಲೇ ಮನೆಗೆ ಒಂದು ಪುಸ್ತಕ, ಜೊತೆಗೆ ಲೈಬ್ರೆರಿಗೆ ಬನ್ನಿ ಎಂಬ ಕರೆ. ಅಮೆರಿಕದ ಲೈಬ್ರೆರಿಗಳಲ್ಲಂತೂ ಸಣ್ಣವರಿಗೆ ಕತೆಯ ಹೊತ್ತು ಎಂಬುದು ಹಳೆಯ ಪದ್ಧತಿ. ಅಲ್ಲಿನ ಗ್ರಂಥಾಲಯ ಸಂಘದವರು 2004ರಲ್ಲಿ ಇದಕ್ಕೊಂದು ಹೊಸ ರೂಪ ಕೊಟ್ಟರು. ಮಗುವಿಗೆ ಕಲಿಸುವುದರ ಬದಲು ಮಗುವನ್ನು ನೋಡಿಕೊಳ್ಳುವ ದೊಡ್ಡವರಿಗೆ ಹೇಳಿಕೊಡುವುದು. ಮಾತಾಡಿ, ಹಾಡಿ, ಓದಿ ಹೇಳಿ, ಗೀಚಲು ಬಿಡಿ, ಆಡಿಸಿ. 2011ರಲ್ಲಿ ಅದನ್ನು ಈ ಐದೇ ಸಂಗತಿಗೆ ಇಳಿಸಿದರು.

ನನಗೆ ಇಡೀ ವಿಷಯದ ತಿರುಳು ಕಾಣುವುದು ಇಲ್ಲೇ. ಲೈಬ್ರೆರಿಯವರಿಗೆ ನಿಮ್ಮ ಪುಳ್ಳಿ ಸಿಗುವುದು ವಾರಕ್ಕೆ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಅವನು ನಿಮ್ಮ ಬಳಿ ಇರುತ್ತಾನೆ, ನೀವು ಅವನಿಗೆ ಸ್ನಾನ ಮಾಡಿಸುವಾಗ, ಉಣಿಸುವಾಗ, ಅಂಗಳದಲ್ಲಿ ಅಡಿಕೆ ಹೆಕ್ಕುವಾಗ ಬೆನ್ನ ಹಿಂದೆಯೇ ಬರುತ್ತಾನೆ. ಹಾಗಾಗಿ ಆ ಅರ್ಧ ಗಂಟೆಯಲ್ಲಿ ನಿಜವಾಗಿ ಕಲಿಯಬೇಕಾದವರು ನೀವು, ಅವನ ಅಮ್ಮ, ಅಪ್ಪ, ಅಜ್ಜ. ಮಗುವನ್ನು ಬಾಗಿಲಲ್ಲಿ ಬಿಟ್ಟು ಪೇಟೆಗೆ ಹೋಗುವ ಕಾರ್ಯಕ್ರಮ ಇದಲ್ಲ. ದೊಡ್ಡವರೊಬ್ಬರು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಜೊತೆಗೇ ಇರಬೇಕು.

ಓದಿ ಹೇಳುವುದು ಅಂದರೆ ಹೇಗೆ? ಸುಮ್ನೆ ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುವುದಲ್ಲ. ಪುಟದಲ್ಲಿ ಒಂದು ಬೆಕ್ಕಿನ ಚಿತ್ರ ಇದೆ ಎಂದುಕೊಳ್ಳಿ. ಬೆರಳಿಟ್ಟು "ಇದೆಂತರ?" ಎಂದು ಕೇಳಿ. ಕೇಳಿದ ಮೇಲೆ ಸ್ವಲ್ಪ ಕಾಯಿರಿ. ನಾವು ದೊಡ್ಡವರು ಕಾಯುವುದೇ ಇಲ್ಲ, ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಅವನು "ಪುಚ್ಚೆ" ಅನ್ನುತ್ತಾನೆ. "ಅಪ್ಪು, ಕಪ್ಪು ಪುಚ್ಚೆ. ಮಾಡಿನ ಮೇಗೆ ಕೂದೊಂಡು ಎಂತ ನೋಡ್ತು ಅದು?" (ಹೌದು, ಕಪ್ಪು ಬೆಕ್ಕು. ಛಾವಣಿಯ ಮೇಲೆ ಕೂತು ಏನು ನೋಡ್ತದೆ ಅದು?) ಎಂದು ಅವನ ಒಂದು ಮಾತಿಗೆ ನಾಲ್ಕು ಮಾತು ಸೇರಿಸಿ ತಿರುಗಿ ಕೊಡಿ. ಅವನು "ಹಾಲು" ಅನ್ನಬಹುದು. ಚಿತ್ರದಲ್ಲಿ ಹಾಲೇ ಇಲ್ಲದಿದ್ದರೂ ಪರವಾಗಿಲ್ಲ, ಹಾಲು ಎಲ್ಲಿಟ್ಟಿದ್ದಾರೆ ಎಂದು ಕೇಳಿ. ನಾಲ್ಕನೇ ದಿನ ಅದೇ ಪುಸ್ತಕ ಬೇಕು ಎಂದು ಹಟ ಮಾಡಿದರೆ ಅದನ್ನೇ ಓದಿ. ಅಮೆರಿಕದ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಹೀಗೆ ಓದಿ ಹೇಳುವ ರೀತಿಯನ್ನು ತಾಯ್ತಂದೆಯರಿಗೆ ಕಲಿಸಿ ನೋಡಿ, ಆ ಮಕ್ಕಳ ಮಾತು ಬೇಗ ಬೆಳೆಯುತ್ತದೆ ಎಂದು 1988ರಲ್ಲೇ ಪ್ರಕಟಿಸಿದ್ದಾರೆ. ಇದಕ್ಕೆ ಡಿಗ್ರಿ ಬೇಡ. ನಿಮಗೇ ಓದು ಅಷ್ಟಾಗಿ ಬಾರದಿದ್ದರೂ ಚಿತ್ರ ನೋಡಿ ಕತೆ ಕಟ್ಟಿ ಹೇಳಬಹುದು.

ಊಟಕ್ಕೆ ಕೂತಾಗ ಮೊಬೈಲು ಕೊಡದಿದ್ದರೆ ಬಾಯಿ ತೆರೆಯುವುದಿಲ್ಲ ಎಂದೂ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆ ಆದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲು ಎಷ್ಟು ಮಾತಾಡಿದರೂ ಮಗು ಹೇಳಿದ್ದಕ್ಕೆ ತಿರುಗಿ ಉತ್ತರ ಕೊಡುವುದಿಲ್ಲ.

ಇನ್ನು ಭಾಷೆ. ನಮ್ಮ ಕಾಸರಗೋಡಿನವರಿಗೆ ಇದು ಬರೀ ಪಾಠದ ಪ್ರಶ್ನೆ ಅಲ್ಲ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನೀವು ಮನೆಮಾತಿನಲ್ಲೇ ಹೇಳಿ. ಪುಸ್ತಕದ ವಾಕ್ಯವನ್ನು ಕನ್ನಡದಲ್ಲಿ ಓದಿ, ಅದರ ಸುತ್ತಲಿನ ಮಾತುಕತೆ ಹವ್ಯಕದಲ್ಲಿ ನಡೆಯಲಿ. ಪಕ್ಕದ ಮನೆಯ ಅಕ್ಕ ತುಳುವಿನಲ್ಲಿ ಹೇಳಲಿ. ಅಂಗನವಾಡಿ ಟೀಚರು ಮಲಯಾಳದಲ್ಲಿ ಹೇಳಲಿ. ಮೂರು ಭಾಷೆ ಕೇಳಿದರೆ ಮಗುವಿಗೆ ಗೊಂದಲ ಆಗ್ತದೆ ಎನ್ನುವ ಹೆದರಿಕೆ ಬೇಡ, ಈ ನೆಲದಲ್ಲಿ ತಲೆಮಾರುಗಳಿಂದ ಮಕ್ಕಳು ಹಾಗೆಯೇ ಬೆಳೆದಿದ್ದಾರೆ. ನನಗೆ ಭಯ ಇರುವುದು ಇನ್ನೊಂದರ ಬಗ್ಗೆ. ಮನೆಮಾತಿಗೆ ಪುಸ್ತಕದ ಬಳಿ ಜಾಗವೇ ಇಲ್ಲ ಎಂದು ಮಗುವಿಗೆ ಮೂರನೇ ವರ್ಷದಲ್ಲೇ ಅನ್ನಿಸಿಬಿಟ್ಟರೆ, ಮುಂದೆ ಅವನನ್ನು ಕನ್ನಡ ಮೀಡಿಯಂ ಶಾಲೆಗೆ ಸೇರಿಸಿದರೂ ಕನ್ನಡ ಪರೀಕ್ಷೆಯ ಭಾಷೆಯಾಗಿಯೇ ಉಳಿಯುತ್ತದೆ.

ಈಗ ನಿಮ್ಮೂರಿನ ಲೈಬ್ರೆರಿಯ ವಿಷಯ. ಇದು ನಿಮ್ಮ ಹಕ್ಕು ಅಮ್ಮಾ. ಕೇರಳದಲ್ಲಿ 1989ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಕಟ್ಟಡ ತೆರಿಗೆಯ ಪ್ರತಿ ರೂಪಾಯಿಗೆ 5 ಪೈಸೆ ಲೈಬ್ರೆರಿ ಸೆಸ್ ಸೇರಿಸಿ ಪಂಚಾಯತು ವಸೂಲಿ ಮಾಡುತ್ತದೆ. ನಿಮ್ಮ ಮನೆಯ ತೆರಿಗೆ ರಸೀದಿಯಲ್ಲಿ ನೋಡಿ. ಊರಿನ ಲೈಬ್ರೆರಿಗಳು ಕೇರಳ ರಾಜ್ಯ ಲೈಬ್ರೆರಿ ಕೌನ್ಸಿಲಿನಿಂದ ಗ್ರ್ಯಾಂಟು ಪಡೆದು ನಡೆಯುತ್ತವೆ, ಅವುಗಳ ಸಮಿತಿಯನ್ನು ಸದಸ್ಯರೇ ಆರಿಸುತ್ತಾರೆ. ನೀವು ಸದಸ್ಯರಾಗಿ, ಸೊಸೆಯನ್ನೂ ಮಾಡಿಸಿ, ಮಹಾಸಭೆಗೆ ಹೋಗಿ. 'ಬಾಲವೇದಿ' ಎಂಬ ಮಕ್ಕಳ ವಿಭಾಗ ಎಷ್ಟೋ ಕಡೆ ಈಗಾಗಲೇ ಇದೆ, ಆದರೆ ಅದು ಹೆಚ್ಚಾಗಿ ಶಾಲೆಗೆ ಹೋಗುವವರ ಕ್ವಿಝ್, ಭಾಷಣ ಸ್ಪರ್ಧೆಗೆ ಸೀಮಿತ. ಅದೇ ಬಾಲವೇದಿಯನ್ನು ಸ್ವಲ್ಪ ಕೆಳಕ್ಕೆ, ಮಡಿಲ ಮಕ್ಕಳವರೆಗೆ ಇಳಿಸಿ ಎಂದು ಕೇಳಿ. ಓದುವವರಿಗೆ ತೊಂದರೆ ಎನ್ನುವ ಮಾತಿಗೂ ಉತ್ತರ ಇದೆ. ವಾರದಲ್ಲಿ ಒಂದು ದಿನ, ಪೇಪರ್ ಓದುವವರು ಕಡಿಮೆ ಇರುವ ಹೊತ್ತು ನೋಡಿ ಅರ್ಧ ಗಂಟೆ ಬಿಟ್ಟುಕೊಟ್ಟರೆ ಸಾಕು.

ಬೇಕಾಗುವುದು ತುಂಬ ಕಡಿಮೆ. ಒಂದು ಚಾಪೆ. ಮಗುವಿನ ಕೈಗೆ ಸಿಗುವ ಎತ್ತರದಲ್ಲಿ, ಮುಖಪುಟ ಕಾಣುವ ಹಾಗೆ ಇಟ್ಟ ಹತ್ತಿಪ್ಪತ್ತು ಚಿತ್ರಪುಸ್ತಕ. ಪ್ರತಿ ವಾರವೂ ಅದೇ ಹಾಡಿನಿಂದ ಶುರು ಮಾಡಿ, ಇದು ಮುಖ್ಯ, ಮುಂದೇನು ಎಂದು ಗೊತ್ತಿದ್ದರೆ ಸಣ್ಣವರು ಅಳುವುದು ಕಡಿಮೆ. ಆಮೇಲೆ ಒಂದು ಸಣ್ಣ ಪುಸ್ತಕ, ಒಂದು ಬೆರಳಾಟ, ಎದ್ದು ಕುಣಿಯುವ ಒಂದು ಹಾಡು, ಇನ್ನೊಂದು ಪುಸ್ತಕ. ಕೊನೆಯ ಹತ್ತು ನಿಮಿಷ ಮಕ್ಕಳು ಆಡಲಿ, ದೊಡ್ಡವರು ಒಬ್ಬರಿಗೊಬ್ಬರು ಮಾತಾಡಲಿ. ಮೊದಲ ಮಗುವಿನ ತಾಯಂದಿರಿಗೆ ಈ ಹತ್ತು ನಿಮಿಷ ಎಷ್ಟು ದೊಡ್ಡದು ಎಂದು ನಿಮಗೆ ಹೇಳಬೇಕಾಗಿಲ್ಲ. ನಡೆಸಿಕೊಡಲು ರಿಟೈರ್ಡ್ ಟೀಚರುಗಳಿದ್ದಾರೆ, ಬಿ.ಎಡ್. ಮುಗಿಸಿದ ಹುಡುಗಿಯರಿದ್ದಾರೆ, ನೀವಿದ್ದೀರಿ.

ಕನ್ನಡ ಪುಸ್ತಕ ಸಿಗುವುದಿಲ್ಲ ಎಂದು ಸಮಿತಿಯವರು ಹೇಳಬಹುದು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ 'ಸ್ಟೋರಿವೀವರ್' ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿವೆ. ಇಳಿಸಿಕೊಂಡು ಪ್ರಿಂಟ್ ಹಾಕಬಹುದು, ಪ್ರತ್ಯೇಕ ಅನುಮತಿ ಕೇಳದೆ ತುಳುವಿಗೋ ಹವ್ಯಕಕ್ಕೋ ಮಾಡಿಕೊಳ್ಳಬಹುದು, ಬರೆದವರ, ಚಿತ್ರ ಬಿಡಿಸಿದವರ ಹೆಸರು ಮತ್ತು ಲೈಸೆನ್ಸಿನ ವಿವರ ಹಾಕಿದರೆ ಆಯಿತು. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳೂ ಕನ್ನಡದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಶುರು ಮಾಡಲು ದಿನ ಬೇಕಿದ್ದರೆ ಜೂನ್ 19 ಇದೆ. ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿಗೆ ರಾಜ್ಯವಿಡೀ ವಾಚನ ದಿನ ಆಚರಿಸುವ ದಿನ ಅದು. ಅವತ್ತು ಹೇಗೂ ಲೈಬ್ರೆರಿಗಳಲ್ಲಿ ಕಾರ್ಯಕ್ರಮ ಇಡುತ್ತಾರೆ.

ಕೊನೆಗೆ ದಂಡದ ಪ್ರಶ್ನೆ. ಸಣ್ಣ ಮಕ್ಕಳ ಪುಸ್ತಕ ಹರಿಯುತ್ತದೆ, ಜೊಲ್ಲು ಬೀಳುತ್ತದೆ, ಮೂಲೆ ಕಚ್ಚುತ್ತವೆ. ಆರು ವರ್ಷದೊಳಗಿನವರ ಪುಸ್ತಕಕ್ಕೆ ದಂಡ ಇಲ್ಲ ಎಂದು ಸಮಿತಿಯಲ್ಲಿ ಮೊದಲೇ ಒಂದು ಸಾಲಿನ ನಿರ್ಣಯ ಬರೆಸಿಕೊಳ್ಳಿ. ತೀರಾ ಸಣ್ಣವರಿಗೆ ದಪ್ಪ ರಟ್ಟಿನ ಪುಸ್ತಕ ತರಿಸಿ. ಉಳಿದದ್ದಕ್ಕೆ ಒಂದು ಸೆಲ್ಲೋಟೇಪು ಲೈಬ್ರೆರಿಯ ಮೇಜಿನ ಮೇಲೆಯೇ ಇರಲಿ. ಮಹಾಸಭೆಯಲ್ಲಿ ಏನಾಯಿತು ಎಂದು ನಮಗೆ ಬರೆಯಿರಿ. ಅನುಮತಿ ಸಿಕ್ಕಿದರೆ ಮೊದಲ ದಿನ ನಮ್ಮ ಕಚೇರಿಯಿಂದ ಇಬ್ಬರು ಪುಸ್ತಕಗಳ ಸಮೇತ ಬರುತ್ತೇವೆ.

— ಸಂ.