ಒಂದು ಲಕ್ಷ ಜನರ ಊರು, ಐದು ಲಕ್ಷ ಜನರ ತಂಡ

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದಿದ್ದೇನೆ. ಭಾನುವಾರ ಬಂತೆಂದರೆ ಅಳಿಯಂದಿರು ಟಿ.ವಿ. ಮುಂದಿನಿಂದ ಏಳುವುದಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಆಟ. ಗ್ರೀನ್ ಬೇ ಸಣ್ಣ ಊರಂತೆ. ನ್ಯೂಯಾರ್ಕ್, ಷಿಕಾಗೊ ತಂಡಗಳ ಎದುರು ಅದು ಹೇಗೆ ಉಳಿದಿದೆ? ಋತುವಿನ ಕೊನೆಯ ದೊಡ್ಡ ಪಂದ್ಯ ಸೂಪರ್ ಬೌಲ್ ಅಂತೆ, ಅವರು ಗೆದ್ದ ಮೊದಲ ಸೂಪರ್ ಬೌಲ್‌ನ ವಿಡಿಯೊ ಯಾರ ಹತ್ತಿರವೂ ಇಲ್ಲ ಅನ್ನುತ್ತಾರೆ ಅಳಿಯಂದಿರು. ನಿಜವೇ?

ಉತ್ತರ: ನಿಮ್ಮ ಪತ್ರ ಓದಿ ಮಿಲ್ವಾಕಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ನೆನಪಾದರು, ಅಮ್ಮ. ಅವರು ಗ್ರೀನ್ ಬೇಯಲ್ಲೇ ಹುಟ್ಟಿ ಬೆಳೆದವರು. ಹಾಲ್‌ನಲ್ಲಿ ಮದುವೆ ಫೋಟೊ ಪಕ್ಕ ಕಟ್ಟು ಹಾಕಿಸಿದ ಒಂದು ಕಾಗದ ಇತ್ತು. ಪ್ಯಾಕರ್ಸ್ ತಂಡದ ಒಂದೇ ಒಂದು ಷೇರು. ಅದಕ್ಕೆ ಲಾಭಾಂಶ ಬರುವುದಿಲ್ಲ. ಬೇರೆಯವರಿಗೆ ಮಾರುವ ಹಾಗೂ ಇಲ್ಲ. ಆದರೂ ಅಜ್ಜಿ 'ನಮ್ಮ ತಂಡ' ಅಂದರೆ ಅದು ಬಾಯಿಮಾತಲ್ಲ, ಅಲ್ವಾ?

ತಂಡ ಹುಟ್ಟಿದ್ದು 1919ರಲ್ಲಿ. ಕರ್ಲಿ ಲ್ಯಾಂಬೊ ಎಂಬ ಯುವಕ ತಾನು ಕೆಲಸ ಮಾಡುತ್ತಿದ್ದ ಮಾಂಸ ಪ್ಯಾಕಿಂಗ್ ಕಂಪನಿಯಿಂದ ಜರ್ಸಿಗೆ ದುಡ್ಡು ಕೇಳಿ ಪಡೆದ. ಪ್ಯಾಕರ್ಸ್ ಹೆಸರು ಬಂದದ್ದು ಹಾಗೆ. ಸಾಲ ಜಾಸ್ತಿಯಾದಾಗ, 1923ರಲ್ಲಿ, ಊರಿನವರೇ ಷೇರು ಕೊಂಡು ಉಳಿಸಿಕೊಂಡರು. ಈಗ ಷೇರುದಾರರು ಐದು ಲಕ್ಷಕ್ಕೂ ಹೆಚ್ಚು. ಒಬ್ಬ ಯಜಮಾನ ಅಂತ ಇಲ್ಲ. ಹಾಗಾಗಿ ತಂಡವನ್ನು ದೊಡ್ಡ ಊರಿಗೆ ಎತ್ತಿಕೊಂಡು ಹೋಗುವವರೂ ಇಲ್ಲ.

ಆದರೆ ಷೇರೊಂದರಿಂದಲೇ ತಂಡ ನಡೆಯುವುದಿಲ್ಲ. ನನ್ನ ಪ್ರಕಾರ ಅದನ್ನು ನಿಜವಾಗಿ ಉಳಿಸಿದ್ದು ನಿಮ್ಮ ಅಳಿಯಂದಿರು ನೋಡುವ ಆ ಟಿ.ವಿ.ಯೇ. 1961ರಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂತು. ಅದರಿಂದ ಎಲ್ಲ ತಂಡಗಳೂ ಒಟ್ಟಾಗಿ ಪ್ರಸಾರದ ಹಕ್ಕು ಮಾರಲು ದಾರಿಯಾಯಿತು. ಈ ತಂಡಗಳ ಲೀಗ್ ಎನ್‌ಎಫ್‌ಎಲ್‌ನ ಮುಖ್ಯಸ್ಥ ಪೀಟ್ ರೋಜೆಲ್ ಇದಕ್ಕಾಗಿ ಬಹಳ ಓಡಾಡಿದ್ದರು. ಬಂದ ದುಡ್ಡಿನಲ್ಲಿ ಎಲ್ಲರಿಗೂ ಸಮಪಾಲು. ನ್ಯೂಯಾರ್ಕಿಗೆ ಎಷ್ಟೋ ಗ್ರೀನ್ ಬೇಗೂ ಅಷ್ಟೇ. ಆ ದೇಶದ ಆಟದ ಲೋಕದಲ್ಲಿ ಇಷ್ಟು ನ್ಯಾಯವಾದ ಇನ್ನೊಂದು ಏರ್ಪಾಡು ನನಗೆ ಕಂಡಿಲ್ಲ.

ಒಂದು ನೋವು ಮಾತ್ರ ಇತ್ತು. ಆಗ ಊರಿನಲ್ಲಿ ನಡೆಯುವ ಆಟವನ್ನು ಆ ಊರಿನ ಟಿ.ವಿ.ಯಲ್ಲೇ ತೋರಿಸುತ್ತಿರಲಿಲ್ಲ. ತೋರಿಸಿದರೆ ಸ್ಟೇಡಿಯಂಗೆ ಜನ ಬರುವುದಿಲ್ಲ ಎಂಬ ಭಯ. 1967ರ ಡಿಸೆಂಬರ್ 31ರಂದು ಗ್ರೀನ್ ಬೇಯ ಲ್ಯಾಂಬೊ ಫೀಲ್ಡ್ ಸ್ಟೇಡಿಯಂನಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧ ಲೀಗಿನ ಫೈನಲ್. ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ರೆಫರಿಯ ಸೀಟಿ ತುಟಿಗೇ ಅಂಟಿಕೊಂಡಿತು. ಅಜ್ಜಿಯ ಅಪ್ಪ ಸ್ಟೇಡಿಯಂನಲ್ಲಿ, ಮನೆಯವರೆಲ್ಲ ರೇಡಿಯೊ ಸುತ್ತ. ಇನ್ನು 16 ಸೆಕೆಂಡ್ ಬಾಕಿ, ಪ್ಯಾಕರ್ಸ್ ಮೂರು ಪಾಯಿಂಟ್ ಹಿಂದೆ. ತಂಡದ ಆಟ ನಡೆಸುತ್ತಿದ್ದ ಬಾರ್ಟ್ ಸ್ಟಾರ್ ಚೆಂಡನ್ನು ಯಾರಿಗೂ ಕೊಡದೆ ತಾನೇ ಎದುರಾಳಿಯ ಗೆರೆ ದಾಟಿ ನುಗ್ಗಿದ. 21–17. ದೇಶವೆಲ್ಲ ಕಣ್ಣಾರೆ ಕಂಡ ಆ ಗೆಲುವನ್ನು ಗ್ರೀನ್ ಬೇಯ ಮನೆಗಳು ಕಿವಿಯಲ್ಲಿ ಕೇಳಿದವು. ಟಿಕೆಟ್ ಎಲ್ಲ ಮೊದಲೇ ಮಾರಾಟವಾಗಿದ್ದರೆ ಊರಿನಲ್ಲೂ ತೋರಿಸಬೇಕು ಎಂಬ ಕಾನೂನು ಬಂದದ್ದು 1973ರಲ್ಲಿ.

ಇನ್ನು ವಿಡಿಯೊ ವಿಷಯ. ಅಳಿಯಂದಿರ ಮಾತು ಬಹುಪಾಲು ಸರಿ. ಮೊದಲ ಸೂಪರ್ ಬೌಲ್ 1967ರ ಜನವರಿ 15ರಂದು, ಲಾಸ್ ಏಂಜಲೀಸ್‌ನಲ್ಲಿ. ಪ್ಯಾಕರ್ಸ್ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡವನ್ನು 35–10ರಿಂದ ಸೋಲಿಸಿತು. ಸಿಬಿಎಸ್, ಎನ್‌ಬಿಸಿ ಎರಡೂ ನೇರ ಪ್ರಸಾರ ಮಾಡಿದವು. ಎರಡೂ ಟೇಪ್ ಇಟ್ಟುಕೊಳ್ಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಪೆನ್ಸಿಲ್ವೇನಿಯಾದ ಒಂದು ಅಟ್ಟದಲ್ಲಿ ಯಾರೋ ಮಾಡಿಟ್ಟ ರೆಕಾರ್ಡಿಂಗ್ ಸಿಕ್ಕಿತು. ಅದರಲ್ಲೂ ನಡುನಡುವೆ ಬಿಟ್ಟುಹೋಗಿದೆ.

2016ರಲ್ಲಿ ಎನ್‌ಎಫ್‌ಎಲ್ ನೆಟ್‌ವರ್ಕ್ ತನ್ನಲ್ಲಿದ್ದ ಫಿಲ್ಮ್ ತುಣುಕುಗಳನ್ನೆಲ್ಲ ಜೋಡಿಸಿ, ರೇಡಿಯೊ ವಿವರಣೆ ಸೇರಿಸಿ ಇಡೀ ಆಟ ತೋರಿಸಿತು. ಅವತ್ತು ಅಜ್ಜಿ ನಮ್ಮನ್ನೂ ಕರೆದಿದ್ದರು. ಸ್ಟಾರ್ ಎಸೆದ ಚೆಂಡನ್ನು ಮ್ಯಾಕ್ಸ್ ಮೆಕ್‌ಗೀ ಒಂದೇ ಕೈಯಲ್ಲಿ ಹಿಡಿದು ಓಡಿದ. ಚೆಂಡು ಹಿಡಿದು ಎದುರಾಳಿಯ ಗೆರೆ ದಾಟಿದರೆ ಟಚ್‌ಡೌನ್; ಸೂಪರ್ ಬೌಲ್‌ನ ಮೊದಲ ಟಚ್‌ಡೌನ್ ಅದು. ಹದಿನೇಳರ ಹುಡುಗಿಯಾಗಿ ಒಮ್ಮೆ ನೋಡಿದ್ದ ಅಜ್ಜಿ, ಅವನು ಗೆರೆ ಮುಟ್ಟುವ ಮೊದಲೇ ಎದ್ದು ನಿಂತಿದ್ದರು.